ಮೊದಲು ಮಗು, ಆಮೇಲೆ ಚಟ
ತಂದೆಗೋ ತಾಯಿಗೋ ನಶೆ ಅಂಟಿದ ಮನೆಯಲ್ಲಿ ಮಕ್ಕಳನ್ನು ಕಾಪಾಡುವುದು ಹೇಗೆ? ಹೈದರಾಬಾದ್‌ನ ಕೋಠಿ, ಸುಲ್ತಾನ್ ಬಜಾರ್, ಕಾಚಿಗುಡದ ಕನ್ನಡ ಕುಟುಂಬಗಳಿಗೆ ಹಂತಹಂತದ ಮಾಹಿತಿ

ಮನೆಯಲ್ಲಿ ಒಬ್ಬರು ನಶೆಗೆ ಬಿದ್ದರೆ ಬಂಧುಬಳಗವೆಲ್ಲ ಅವರ ಹಿಂದೆ ಬೀಳುತ್ತದೆ. ಹರಕೆ ಹೊರುತ್ತಾರೆ, ಆಣೆ ಹಾಕಿಸುತ್ತಾರೆ, ಸಾಲ ಮಾಡಿ ಆಸ್ಪತ್ರೆಗೆ ಸೇರಿಸುತ್ತಾರೆ. ‘ಅವನೊಬ್ಬ ಬಿಟ್ಟರೆ ಎಲ್ಲ ಸರಿಹೋಗುತ್ತದೆ’ ಎಂಬುದು ಎಲ್ಲರ ಲೆಕ್ಕ. ಆದರೆ ಬಿಡಲು ವರ್ಷಗಳೇ ಹಿಡಿಯಬಹುದು. ಬಿಟ್ಟವರು ಮತ್ತೆ ಹಿಡಿಯಬಹುದು. ಅಲ್ಲಿಯವರೆಗೆ ಮಗು ಕಾಯಲಾಗದು. ಹಾಗಾಗಿ ಚಟ ಬಿಡಿಸುವುದು ಒಂದು ಕೆಲಸ, ಮಗುವನ್ನು ಕಾಯುವುದು ಇನ್ನೊಂದು ಕೆಲಸ ಎಂದು ಬೇರೆ ಮಾಡಿಕೊಳ್ಳಿ. ಎರಡನೆಯದನ್ನು ಇಂದೇ ಶುರು ಮಾಡಬಹುದು.

ಹೈದರಾಬಾದ್‌ನಲ್ಲಿ ನಶೆ ಎಂದರೆ ಗಾಂಜಾ, ಮಾತ್ರೆ ಮಾತ್ರವಲ್ಲ. ರಾಯಚೂರು, ಕಲಬುರಗಿ ಕಡೆಯವರು ಸೇಂದಿ ಎನ್ನುವುದು ಇಲ್ಲಿ ‘ಕಲ್ಲು ಕಾಂಪೌಂಡ್’ಗಳಲ್ಲಿ ಸಿಗುತ್ತದೆ. ಅದಕ್ಕೆ ಆಲ್‌ಪ್ರಜೋಲಾಂ, ಡಯಾಜೆಪಾಂ, ಕ್ಲೋರಲ್ ಹೈಡ್ರೇಟ್ ಬೆರೆಸುವುದು ಹಳೆಯ ಪಿಡುಗು. ನಗರದಲ್ಲಿ 2004ರಲ್ಲಿ ಮುಚ್ಚಿದ್ದ ಸೇಂದಿ ಅಂಗಡಿಗಳು 2014ರಲ್ಲಿ ಮತ್ತೆ ತೆರೆದವು. 2025ರ ಜುಲೈನಲ್ಲಿ ಕೂಕಟ್‌ಪಲ್ಲಿ ಭಾಗದಲ್ಲಿ ಕಲಬೆರಕೆ ಸೇಂದಿ ಕುಡಿದ ಹಲವರು ಪ್ರಾಣ ಕಳೆದುಕೊಂಡರು. ‘ಮರದ ಸೇಂದಿ ತಾನೇ’ ಎಂದು ಮನೆಯವರು ಸುಮ್ಮನಿದ್ದರೆ, ಒಳಗೆ ಬೆಳೆಯುತ್ತಿರುವುದು ನಿದ್ದೆ ಮಾತ್ರೆಯ ಚಟವೇ ಆಗಿರಬಹುದು.

1. ಎಷ್ಟು ಅವಸರ ಎಂದು ಅಳೆಯಿರಿ

ಕೆಳಗಿನವುಗಳಲ್ಲಿ ಒಂದು ಕಂಡರೂ ಅಂದೇ ಹೆಜ್ಜೆ ಇಡಬೇಕು:

- ಐದು ವರ್ಷದೊಳಗಿನ ಮಗು ನಶೆಯಲ್ಲಿರುವವರ ಜೊತೆ ಒಂಟಿಯಾಗಿದೆ.
- ಹೊಡೆತ, ಬಡಿತ, ಲೈಂಗಿಕ ಕಿರುಕುಳದ ಸುಳಿವಿದೆ.
- ಪೊಟ್ಟಣ ತರಲು, ಕೊಡಲು ಮಗುವನ್ನೇ ಕಳಿಸುತ್ತಿದ್ದಾರೆ.
- ನಶೆಯಲ್ಲಿ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಾರೆ.
- ನಶೆಯ ಗೆಳೆಯರು ರಾತ್ರಿ ಮನೆಯಲ್ಲೇ ಉಳಿಯುತ್ತಿದ್ದಾರೆ.

ಇನ್ನು ಕೆಲವು ನಿಧಾನಕ್ಕೆ ಕಾಣುವ ಗುರುತುಗಳು. ತರಗತಿಯಲ್ಲಿ ತೂಕಡಿಕೆ, ಬಿಸಿಯೂಟದ ಅನ್ನವನ್ನು ತಮ್ಮನಿಗೆಂದು ಡಬ್ಬಿಗೆ ತುಂಬಿಕೊಳ್ಳುವುದು, ಗೆಳೆಯರನ್ನು ಮನೆಗೆ ಕರೆಯದಿರುವುದು, ಬಾಗಿಲ ಸದ್ದಿಗೇ ಬೆಚ್ಚುವುದು. ಎಂಟು ವರ್ಷದ ಹುಡುಗಿ ಅಡುಗೆ ಮಾಡಿ, ತಂಗಿಯನ್ನು ಮಲಗಿಸಿ, ಅಪ್ಪನ ಚಪ್ಪಲಿ ಬಿಚ್ಚಿಡುತ್ತಿದ್ದರೆ ‘ಎಷ್ಟು ಜಾಣೆ’ ಎಂದು ಹೊಗಳಿ ಸುಮ್ಮನಾಗಬೇಡಿ. ಆ ಮನೆಯಲ್ಲಿ ದೊಡ್ಡವರು ಮಾಡಬೇಕಾದ ಕೆಲಸ ಅವಳ ಹೆಗಲಿಗೆ ಬಿದ್ದಿದೆ.

2. ಮನೆಯೊಳಗಿನ ಅಪಾಯ ತೆಗೆಯಿರಿ

ಮಾತ್ರೆ, ಸೂಜಿ, ಬಾಟಲಿ ಎಲ್ಲವೂ ಬೀಗದ ಡಬ್ಬಿಯಲ್ಲಿ ಇರಲಿ. ದಿಂಬಿನ ಕೆಳಗೆ, ಅಂಗಿಯ ಜೇಬಿನಲ್ಲಿ, ನೀರಿನ ಬಾಟಲಿಯಲ್ಲಿ ಏನೂ ಉಳಿಯಬಾರದು. ಚಟ ಬಿಡಿಸಲು ವೈದ್ಯರು ಕೊಡುವ ಬುಪ್ರೆನಾರ್ಫಿನ್ ಮಾತ್ರೆಯೂ ಮಗುವಿನ ಪಾಲಿಗೆ ವಿಷವೇ. ಹೈದರಾಬಾದ್ ಸುತ್ತಮುತ್ತ ಪೊಲೀಸರು ಗಾಂಜಾ ಬೆರೆತ ಚಾಕೊಲೇಟನ್ನೂ ಹಿಡಿದಿದ್ದಾರೆ. ಹಾಗಾಗಿ ಎಲ್ಲಿಂದ ಬಂತೆಂದು ಗೊತ್ತಿಲ್ಲದ ಮಿಠಾಯಿ ಮಕ್ಕಳ ಕೈಗೆ ಹೋಗದಿರಲಿ.

ನಶೆಯಲ್ಲಿರುವವರ ಪಕ್ಕದಲ್ಲಿ ಹಸುಗೂಸನ್ನು ಮಲಗಿಸಲೇಬೇಡಿ. ಮೈಮರೆತು ಮಗ್ಗುಲು ಬದಲಿಸಿದರೆ ಕೂಸಿನ ಉಸಿರು ಕಟ್ಟುತ್ತದೆ. ಅಳು ನಿಲ್ಲಲೆಂದು ಒಂದು ಗುಟುಕು ಸೇಂದಿ ಕುಡಿಸುವುದೂ ಬೇಡ. ವೈದ್ಯರ ಸಲಹೆಯಿಲ್ಲದೆ ಮಕ್ಕಳಿಗೆ ಮದ್ಯ, ಮಾದಕ ಪದಾರ್ಥ ಕೊಡುವುದು ಬಾಲನ್ಯಾಯ ಕಾಯ್ದೆ 2015ರ 77ನೇ ಕಲಮಿನ ಪ್ರಕಾರ 7 ವರ್ಷಗಳವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದಾದ ಅಪರಾಧ. ಮಗುವಿನ ಕೈಯಲ್ಲಿ ಮಾಲು ಸಾಗಿಸಿದರೆ 78ನೇ ಕಲಂ. ಶಿಕ್ಷೆ ಅಷ್ಟೇ ಕಠಿಣ.

ಮಗು ಏನಾದರೂ ನುಂಗಿ ಮಂಕಾಗಿದ್ದರೆ, ಉಸಿರು ನಿಧಾನವಾಗಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ. ಒಂದು ಮಗ್ಗುಲಿಗೆ ಮಲಗಿಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಮಾತ್ರೆಯ ಖಾಲಿ ಪಟ್ಟಿಯನ್ನೋ ಬಾಟಲಿಯನ್ನೋ ಜೊತೆಗೆ ಒಯ್ದು, ಏನು ನುಂಗಿದೆ ಎಂದು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಕೋಠಿಯವರಿಗೆ ಅಫ್ಜಲ್‌ಗಂಜ್‌ನ ಉಸ್ಮಾನಿಯಾ ಆಸ್ಪತ್ರೆ ಹತ್ತಿರ. ರೆಡ್‌ಹಿಲ್ಸ್‌ನ ನೀಲೋಫರ್ ಮಹಿಳೆಯರ ಮತ್ತು ಮಕ್ಕಳ ಸರ್ಕಾರಿ ಆಸ್ಪತ್ರೆ.

3. ಕೆಟ್ಟ ರಾತ್ರಿಗೆ ಮೊದಲೇ ತಯಾರಿ

ಜಗಳ ಎದ್ದಾಗ ಮಗು ಎಲ್ಲಿಗೆ ಹೋಗಬೇಕು? ಒಂದು ಮನೆ, ಒಬ್ಬ ಮನುಷ್ಯ ಎಂದು ಮೊದಲೇ ಗೊತ್ತುಮಾಡಿ. ಅದೇ ಗಲ್ಲಿಯ ಅಜ್ಜಿ, ಮೇಲಿನ ಮನೆಯ ಅತ್ತಿ, ಕಾಚಿಗುಡದಲ್ಲಿರುವ ಮಾಮಾ ಯಾರಾದರೂ ಆಗಬಹುದು. ಅವರನ್ನು ಕೇಳಿ ಒಪ್ಪಿಸಿರಬೇಕು. ಅವರ ಫೋನ್ ನಂಬರ್ ಮಗುವಿಗೆ ಬಾಯಿಪಾಠವಾಗಿರಲಿ. ಮೊಬೈಲ್ ಕೈಗೆ ಸಿಗದೆಯೂ ಇರಬಹುದು. ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ದಾಖಲೆಗಳ ನಕಲು, ಒಂದು ಜೊತೆ ಬಟ್ಟೆ, ಸಮವಸ್ತ್ರ ಆ ಮನೆಯಲ್ಲೇ ಇರಲಿ. ಜಗಳದ ನಡುವೆ ನಿಂತು ಅಮ್ಮನನ್ನು ಬಿಡಿಸುವುದು ಮಗುವಿನ ಕೆಲಸವಲ್ಲ, ಹೊರಗೆ ಓಡಿ 112ಕ್ಕೆ ಕರೆ ಮಾಡಿಸುವುದಷ್ಟೇ ಅದರ ಕೆಲಸ ಎಂದು ಬಿಡಿಸಿ ಹೇಳಿ.

4. ಮಗುವಿಗೆ ನಿಜ ಹೇಳಿ

‘ಅಪ್ಪಗ ಮೈ ಹುಷಾರಿಲ್ಲ, ಮಕ್ಕೊಂಡಾನ’ ಎಂಬ ಸುಳ್ಳನ್ನು ಮಕ್ಕಳು ಬಹಳ ದಿನ ನಂಬುವುದಿಲ್ಲ. ತಮ್ಮ ತುಂಟತನದಿಂದಲೇ ಅಪ್ಪ ಹೀಗಾದ ಎಂದು ಒಳಗೊಳಗೇ ಕೊರಗುತ್ತವೆ. ಮನೆಮಾತಿನಲ್ಲೇ ಹೇಳಿ: ‘ಅಪ್ಪಗ ನಶಾದ ಜಡ್ಡು ಹತ್ತೈತಿ. ಅದು ನಿನ್ನಿಂದ ಬಂದಿದ್ದಲ್ಲ. ನೀ ಬಿಡಸಾಕೂ ಆಗೂದಿಲ್ಲ. ಅದನ್ನ ಡಾಕ್ಟ್ರು ನೋಡ್ತಾರ. ಅಂಜಿಕಿ ಆದ್ರ ನನಗ ಹೇಳು, ನಾ ಬೈಯೂದಿಲ್ಲ.’ ಮಗುವನ್ನು ಗೂಢಚಾರನಂತೆ ಬಳಸಬೇಡಿ. ‘ಇವತ್ತು ಎಷ್ಟು ಕುಡಿದ?’ ಎಂದು ಅದನ್ನು ಕೇಳಬಾರದು.

ನೆಚ್ಚಲು ಒಬ್ಬರಿದ್ದರೆ ಮಗುವಿಗೆ ಎಷ್ಟು ಬಲ ಎಂಬುದಕ್ಕೆ ಒಂದು ಅಧ್ಯಯನ ನೋಡಿ. ಅಮೆರಿಕದ ಹವಾಯಿ ದ್ವೀಪಸಮೂಹದ ಕವಾಯಿಯಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನೋವಿಜ್ಞಾನಿ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಹೆತ್ತವರ ಕುಡಿತ, ಮನೆಯ ಕಲಹಗಳ ನಡುವೆ ಬೆಳೆದವರಲ್ಲೂ ಸುಮಾರು ಮೂರನೇ ಒಂದು ಭಾಗ ಗಟ್ಟಿಯಾಗಿ ಬದುಕು ಕಟ್ಟಿಕೊಂಡರು. ಅಂಥವರ ಬಾಲ್ಯದಲ್ಲಿ ಎದ್ದು ಕಂಡ ಒಂದು ಅಂಶ, ನೆಚ್ಚಿಕೊಳ್ಳಲು ಒಬ್ಬ ಹಿರಿಯರು ಇದ್ದದ್ದು. ಅಜ್ಜಿ, ಟೀಚರ್, ನೆರೆಮನೆಯವರು ಯಾರಾದರೂ ಸರಿ.

5. ಶಾಲೆಯಲ್ಲಿ ಒಬ್ಬರಿಗೆ ತಿಳಿಸಿ

ಇಡೀ ಶಾಲೆಗೆ ಸಾರುವ ಅಗತ್ಯವಿಲ್ಲ. ತರಗತಿ ಶಿಕ್ಷಕರಿಗೋ ಮುಖ್ಯೋಪಾಧ್ಯಾಯರಿಗೋ ಹೇಳಿದರೆ ಸಾಕು. ಮಗುವನ್ನು ಕರೆದೊಯ್ಯಲು ಬರುವವರು ನಶೆಯಲ್ಲಿದ್ದರೆ ಕಳಿಸದೆ ಯಾರಿಗೆ ಫೋನ್ ಮಾಡಬೇಕೆಂದು ಬರೆದುಕೊಡಿ. ಇಲ್ಲಿನ ಕನ್ನಡಿಗರಿಗೆ ಕಾಚಿಗುಡದ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಗುರುತು ಪರಿಚಯದ ತಾಣಗಳು. ‘ನಮ್ಮವರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆ’ ಎಂದು ಅದೇ ನಮ್ಮವರಿಂದ ಮುಚ್ಚಿಟ್ಟರೆ, ಮಗುವಿಗೆ ಸಿಗಬಹುದಾದ ಆಸರೆಯನ್ನು ನಾವೇ ತಪ್ಪಿಸಿದಂತೆ.

6. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಏನಾಗುತ್ತದೆ?

‘ಮಗುವನ್ನು ಕಸಿದುಕೊಂಡು ಹೋಗುತ್ತಾರೆ’ ಎಂಬ ಭಯಕ್ಕೆ ಎಷ್ಟೋ ಮಂದಿ ಈ ನಂಬರ್ ಒತ್ತುವುದಿಲ್ಲ. ಬಾಲನ್ಯಾಯ ಕಾಯ್ದೆಯ ಪ್ರಕಾರ ಮಕ್ಕಳನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ. ರಕ್ಷಣೆಗೆ ತೆಗೆದುಕೊಂಡ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಈ ಸಮಿತಿ ಮನೆಯ ಸ್ಥಿತಿ ವಿಚಾರಿಸಿ ತೀರ್ಮಾನಿಸುತ್ತದೆ. ಯೋಗ್ಯರೆಂದು ಕಂಡ ಬಂಧುಗಳಿಗೆ ಮಗುವನ್ನು ಒಪ್ಪಿಸಬಹುದು. ಸಾಕುವ ಅಜ್ಜಿಗೆ ಹಣದ ಅಡಚಣೆ ಇದ್ದರೆ ಮಕ್ಕಳ ರಕ್ಷಣೆಯ ಕೇಂದ್ರ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿದೆ. ಆದಾಯದ ಮಿತಿ ಅನ್ವಯಿಸುತ್ತದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೇಳಿ.

ಗಂಡನ ಹಿಂಸೆಯಿದ್ದರೆ ತಾಯಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣೆಯ ಆದೇಶ, ಅದೇ ಮನೆಯಲ್ಲಿ ವಾಸದ ಹಕ್ಕು, ಮಕ್ಕಳ ತಾತ್ಕಾಲಿಕ ಸುಪರ್ದಿ ಕೇಳಬಹುದು. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಕಾಯ್ದೆಯಂತೆ ದೂರು ಕೊಡುವುದು ಕಡ್ಡಾಯ. ಮನೆಯೊಳಗೆ ರಾಜಿ ಮಾಡಿ ಮುಗಿಸುವ ವಿಷಯವಲ್ಲ.

7. ಚಿಕಿತ್ಸೆಯನ್ನು ಮನೆಯಲ್ಲೇ ನಡೆಸಬೇಡಿ

ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ ಹಠ ಅಪಾಯಕಾರಿ. ಮದ್ಯವನ್ನಾಗಲಿ ಆಲ್‌ಪ್ರಜೋಲಾಂ ಬೆರೆತ ಸೇಂದಿಯನ್ನಾಗಲಿ ಒಮ್ಮೆಲೇ ನಿಲ್ಲಿಸಿದರೆ ನಡುಕ, ನಿದ್ರಾಹೀನತೆ, ಭ್ರಮೆ, ಫಿಟ್ಸ್ ಬರಬಹುದು. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯ ಮೇಲೆ ದಾಳಿ ಬಿಗಿಯಾದಾಗ ನಿಜಾಮಾಬಾದ್, ಮಹಬೂಬ್‌ನಗರದ ಆಸ್ಪತ್ರೆಗಳಿಗೆ ಇಂಥ ಲಕ್ಷಣಗಳಿದ್ದವರೇ ಗುಂಪಾಗಿ ಬಂದಿದ್ದರು. ಆ ಸ್ಥಿತಿಯಲ್ಲಿರುವವರ ಬಳಿ ಮಕ್ಕಳು ಇರಲೇಬಾರದು.

ನಗರದಲ್ಲಿ ಎರ್ರಗಡ್ಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ; ಕರ್ನಾಟಕಕ್ಕೆ ಕರೆದೊಯ್ಯುವವರಿಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ‘ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್’ ಎಂಬ ಅಂಜಿಕೆಯೂ ಬೇಡ. ಮಾದಕ ವಸ್ತುಗಳ ಕುರಿತ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಂತೆ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ಇದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಅದು ರದ್ದಾಗಬಹುದು.

ಚಿಕಿತ್ಸೆ ಮುಗಿಸಿ ಮನೆಗೆ ಬಂದ ದಿನವೇ ಮಗುವಿನ ಜವಾಬ್ದಾರಿ ವಹಿಸಬೇಡಿ. ಮೊದಲು ದೊಡ್ಡವರೊಬ್ಬರ ಎದುರಿಗೆ ಆಟ, ಊಟ. ಕೆಲವು ವಾರ ನಂಬಿಕೆ ಕುದುರಿದ ಮೇಲೆ ಶಾಲೆಗೆ ಬಿಡುವುದು. ಆಮೇಲಷ್ಟೇ ಇಬ್ಬರನ್ನೇ ಮನೆಯಲ್ಲಿ ಬಿಡುವುದು. ಬೀಗದ ಡಬ್ಬಿ, ಬಾಯಿಪಾಠದ ನಂಬರ್, ಗೊತ್ತುಮಾಡಿದ ಮನೆ ಆಗಲೂ ಹಾಗೆಯೇ ಇರಲಿ.

ಕತ್ತರಿಸಿ ಬಾಗಿಲ ಹಿಂದೆ ಅಂಟಿಸಿ

1098 – ಮಕ್ಕಳ ಸಹಾಯವಾಣಿ
112 – ತುರ್ತು ಪೊಲೀಸ್ ನೆರವು
108 – ಆಂಬುಲೆನ್ಸ್
181 – ಮಹಿಳಾ ಸಹಾಯವಾಣಿ
14446 – ವ್ಯಸನಮುಕ್ತಿ ಸಲಹೆ
14416 – ಟೆಲಿ ಮಾನಸ್, ಮಾನಸಿಕ ಆರೋಗ್ಯ ಸಲಹೆ
1933 – ಮಾದಕ ವಸ್ತು ಮಾರಾಟದ ಬಗ್ಗೆ ಮಾಹಿತಿ ಕೊಡಲು
15100 – ಉಚಿತ ಕಾನೂನು ನೆರವು