ಕೈಮಾ ಉಂಡೆ ಮೆತ್ತಗಿರಬೇಕಾದರೆ

ಕೈಮಾ ಉಂಡೆ ಗಟ್ಟಿಯಾಯಿತು ಅಂದರೆ ಮಕ್ಕಳು ಮೊದಲು ಒಲೆಯನ್ನು ದೂರುತ್ತಾರೆ, ಆಮೇಲೆ ಮೇಕೆಯ ವಯಸ್ಸನ್ನು. ಎರಡರದ್ದೂ ಸ್ವಲ್ಪ ಪಾಲಿದೆ, ಇಲ್ಲವೆನ್ನುವುದಿಲ್ಲ. ಆದರೆ ನಾನು ಕಂಡಂತೆ ಉಂಡೆಯ ಹಣೆಬರಹವನ್ನು ಸಾರಿಗೆ ಬೀಳುವ ಮೊದಲೇ ಬರೆದಾಗಿರುತ್ತದೆ. ಅಂಗಡಿಯಲ್ಲಿ ಯಾವ ಮಾಂಸ ಕೇಳಿದಿರಿ, ಯಾವಾಗ ತೊಳೆದಿರಿ, ಉಪ್ಪು ಯಾವಾಗ ಹಾಕಿದಿರಿ, ಎಷ್ಟು ಹೊತ್ತು ನಾದಿದಿರಿ, ಇಷ್ಟರಲ್ಲೇ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಹೊಸದಾಗಿ ಮನೆ ಮಾಡಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕು ಅನ್ನಿಸಿತು. ಹಳೇ ಮೈಸೂರು ಸೀಮೆಯ ಬಾಡೂಟದಲ್ಲಿ ಮುದ್ದೆಗೆ ಇಷ್ಟು ಚೆನ್ನಾಗಿ ಒಪ್ಪುವ ಪದಾರ್ಥ ಇನ್ನೊಂದಿಲ್ಲ. ಮನೆಯ ಹಿರಿಯರು ಅಗಿಯಲಾರದೆ ಉಂಡೆಯನ್ನು ತಟ್ಟೆಯಂಚಿಗೆ ಸರಿಸುವುದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಮೊದಲು ಮಾಂಸ. ಕೈಮಾಕ್ಕೆ ತೊಡೆಯೇ ಸರಿ ಅಂತ ಎಲ್ಲರೂ ಹೇಳುತ್ತಾರೆ. ತೊಡೆ ಹಸನಾಗಿರುತ್ತದೆ, ನರ ಕಡಿಮೆ, ಅದೆಲ್ಲ ನಿಜ. ಆದರೆ ಬರೀ ತೊಡೆಯಲ್ಲಿ ಮಾಡಿದ ಉಂಡೆ ಒಣಕಲು. ಅರ್ಧ ತೊಡೆ, ಅರ್ಧ ಭುಜದ ಮಾಂಸ ಕೇಳಿ. ಮೇಕೆಯ ಮಾಂಸದಲ್ಲಿ ಕೊಬ್ಬು ಸ್ವಭಾವತಃ ಕಡಿಮೆ, ಹಾಗಾಗಿ ಅರ್ಧ ಕೆಜಿಯಲ್ಲಿ 75ರಿಂದ 100 ಗ್ರಾಂ ಕೊಬ್ಬು ಇರುವಂತೆ ಹಾಕಿಸಿಕೊಳ್ಳಿ. ಕುರಿಯಾದರೆ ಅಷ್ಟು ಬೇಡ. ಮಂಡ್ಯ ತಳಿ ಅಂತಲೂ ಕರೆಯುವ ಬನ್ನೂರು ಕುರಿ ಸಿಕ್ಕರಂತೂ ಬಿಡಬೇಡಿ. ಆ ಗಿಡ್ಡ ಕಾಲಿನ ಕುರಿಗೆ ಹೆಸರು ಬಂದದ್ದೇ ಅದರ ಮಾಂಸದ ಮೃದುತನದಿಂದ. ಕೊಬ್ಬು ಬೇಯುವಾಗ ಕರಗಿ ಮಾಂಸದ ನಾರುಗಳ ನಡುವೆ ನಿಲ್ಲುತ್ತದೆ, ಅವು ಒಂದಕ್ಕೊಂದು ಬಿಗಿದುಕೊಳ್ಳದಂತೆ ತಡೆಯುತ್ತದೆ. ಆರೋಗ್ಯದ ಚಿಂತೆ ಇರುವವರು ಎರಡು ಉಂಡೆ ಕಡಿಮೆ ತಿನ್ನಿ, ಕೊಬ್ಬನ್ನು ಮಾತ್ರ ತೆಗೆಸಬೇಡಿ.

ತೊಳೆಯುವ ವಿಷಯದಲ್ಲಿ ನಮ್ಮವರು ಮಾಡಿಕೊಳ್ಳುವ ತೊಂದರೆ ದೊಡ್ಡದು. ಕೊಚ್ಚಿದ ಕೈಮಾವನ್ನು ಮನೆಗೆ ತಂದು ಮೂರು ನೀರು ಹಾಕಿ ತೊಳೆಯುತ್ತಾರೆ. ಮಾಂಸದ ರಸವೆಲ್ಲ ಹರಿದು ಹೋಗಿ ಅದರ ಜಾಗದಲ್ಲಿ ನಲ್ಲಿ ನೀರು ನಿಲ್ಲುತ್ತದೆ. ಆ ನೀರಿಗೆ ಉಂಡೆ ನಿಲ್ಲುವುದಿಲ್ಲ, ನಿಲ್ಲಲಿ ಅಂತ ಹುರಿಗಡಲೆ ಪುಡಿ ಇನ್ನಷ್ಟು ಸುರಿಯುತ್ತಾರೆ, ಗಟ್ಟಿಯಾಗುವುದು ಅಲ್ಲಿಂದಲೇ ಶುರು. ತೊಳೆಯಲೇಬೇಕು ಅನ್ನುವವರು ತುಂಡು ಮಾಂಸ ತಂದು ತೊಳೆದು, ಜರಡಿಯಲ್ಲಿ ನೀರು ಸೋರಿಸಿ, ಬಟ್ಟೆಯಲ್ಲಿ ಒತ್ತಿ ಒರೆಸಿ, ಮನೆಯಲ್ಲೇ ಕೊಚ್ಚಿಕೊಳ್ಳಿ. ಹೊಸತೊಡಕಿನ ದಿನವಂತೂ ಇದೇ ದಾರಿ. ಅಂದು ಮಾಂಸದಂಗಡಿಯ ಮುಂದೆ ಬೆಳಕು ಹರಿಯುವ ಮೊದಲೇ ಸಾಲು ನಿಂತಿರುತ್ತದೆ. ನಿಮ್ಮ ಅರ್ಧ ಕೆಜಿಯ ನರ ಬಿಡಿಸಿ ಕೊಚ್ಚಿಕೊಡು ಅಂತ ಆ ಗದ್ದಲದಲ್ಲಿ ಯಾರನ್ನು ಕೇಳುತ್ತೀರಿ?

ಮನೆಯಲ್ಲಿ ಕೊಚ್ಚುವುದೆಂದರೆ ಈಗ ಮಿಕ್ಸಿ. ಮಾಂಸವನ್ನು ಫ್ರಿಜ್ಜಿನಲ್ಲಿಟ್ಟು ಚೆನ್ನಾಗಿ ತಣ್ಣಗಾದ ಮೇಲೆ ಸ್ವಲ್ಪ ಸ್ವಲ್ಪವೇ ಜಾರಿಗೆ ಹಾಕಿ, ಗುಂಡಿಯನ್ನು ತಿರುಗಿಸಿ ಬಿಡಿ, ಮತ್ತೆ ತಿರುಗಿಸಿ ಬಿಡಿ. ಒಂದೇ ಸಮನೆ ಓಡಿಸಿದರೆ ಜಾರು ಬಿಸಿಯಾಗಿ ಕೊಬ್ಬು ಕರಗಿ ಮಾಂಸ ಅಂಟಿನ ಹಿಟ್ಟಾಗುತ್ತದೆ. ತರಿತರಿಯಾಗಿ, ಕಾಳು ಕಾಳಾಗಿ ಕಾಣುತ್ತಿರುವಾಗಲೇ ನಿಲ್ಲಿಸಬೇಕು.

ಇನ್ನು ಹುರಿಗಡಲೆ. ಇದು ಉಂಡೆ ಒಡೆಯದಿರಲು ಮಾತ್ರ ಹಾಕುವುದು ಅಂತ ಬಹಳ ಜನ ತಿಳಿದಿದ್ದಾರೆ. ಅದಕ್ಕಿಂತ ದೊಡ್ಡ ಕೆಲಸ ಅದಕ್ಕಿದೆ. ಮಾಂಸದ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ನಾರು ಮುದುಡಿಕೊಂಡು ತನ್ನೊಳಗಿನ ನೀರನ್ನು ಹಿಂಡಿ ಹೊರಗೆ ಹಾಕುತ್ತದೆ. ಆ ಹೊತ್ತಿನಲ್ಲಿ ಪಕ್ಕದಲ್ಲೇ ಅದನ್ನು ಹೀರಿಕೊಳ್ಳುವಂಥದ್ದೊಂದು ಇದ್ದರೆ ರಸ ಉಂಡೆಯೊಳಗೇ ಉಳಿಯುತ್ತದೆ, ಇಲ್ಲದಿದ್ದರೆ ಸಾರಿಗೆ ಹೋಗುತ್ತದೆ. ಹುರಿಗಡಲೆ ಪುಡಿ, ತೆಂಗಿನ ತುರಿ, ನುಣ್ಣಗೆ ಅರೆದ ಗಸಗಸೆ ಮೂರೂ ಈ ಕೆಲಸಕ್ಕೆ ನಿಂತಿರುವಂಥವು. ಯೂರೋಪಿನವರು ಇದಕ್ಕೇ ಹಾಲಿನಲ್ಲಿ ನೆನೆಸಿದ ಬ್ರೆಡ್ ಬೆರೆಸುತ್ತಾರೆ. ಲಖನೌದವರು ಶಾಮಿ ಕಬಾಬಿಗೆ ಕಡಲೆಬೇಳೆಯನ್ನು ಮಾಂಸದ ಜೊತೆಗೇ ಬೇಯಿಸಿ ಅರೆಯುತ್ತಾರೆ. ನಮ್ಮ ಅಜ್ಜಿಯರು ಹುರಿಗಡಲೆಯನ್ನು ಆರಿಸಿಕೊಂಡದ್ದು ಬಹಳ ಜಾಣತನದ ಆಯ್ಕೆ ಅಂತ ನನ್ನ ಭಾವನೆ. ಅದು ಮೊದಲೇ ಹುರಿದಿರುವುದರಿಂದ ಹಸಿ ವಾಸನೆ ಇಲ್ಲ, ನೀರನ್ನು ಬೇಗ ಹಿಡಿಯುತ್ತದೆ, ಮಾಂಸದ ರುಚಿಯ ಮೇಲೆ ಕೂರುವುದೂ ಇಲ್ಲ.

ಅಳತೆ ಮೀರಬಾರದು. ಅರ್ಧ ಕೆಜಿ ಕೈಮಾಕ್ಕೆ ಮೂರು ದೊಡ್ಡ ಚಮಚ ಪುಡಿ, ಕಾಲು ಬಟ್ಟಲು ತೆಂಗಿನ ತುರಿ, ಒಂದು ಸಣ್ಣ ಚಮಚ ಗಸಗಸೆ ಸಾಕು. ಒಣ ಪುಡಿಯನ್ನು ಹಾಗೇ ಉದುರಿಸಿದರೆ ಅದು ಮಾಂಸದ ನೀರನ್ನೇ ಕುಡಿದುಬಿಡುತ್ತದೆ. ಎರಡು ಮೂರು ಚಮಚ ಗಟ್ಟಿ ತೆಂಗಿನ ಹಾಲಿನಲ್ಲಿ ಕಲಸಿ ಐದು ನಿಮಿಷ ಬಿಟ್ಟು ಆಮೇಲೆ ಬೆರೆಸಿ. ಈ ಒಂದು ಮಾತನ್ನು ಮರೆಯಬೇಡಿ. ಚಕ್ಕೆ, ಲವಂಗ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ನಿಮ್ಮ ಮನೆಯ ರುಚಿಯಂತೆ. ಅರೆಯುವಾಗ ನೀರು ಹಾಕದಿದ್ದರಾಯಿತು. ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿ ಆರಿಸಿ ಹಾಕಿ, ಹಸಿ ಚೂರು ದಪ್ಪಗಿದ್ದ ಕಡೆ ಉಂಡೆ ಸೀಳುತ್ತದೆ. ಮೊಟ್ಟೆ ಬೇಕೆನ್ನುವವರು ಒಂದಕ್ಕಿಂತ ಹೆಚ್ಚು ಹಾಕಬೇಡಿ, ಬೆಂದ ಬಿಳಿಭಾಗವೇ ಉಂಡೆಯನ್ನು ಬಿಗಿ ಮಾಡುತ್ತದೆ. ಮೆತ್ತಗಾಗಲಿ ಅಂತ ಪರಂಗಿಕಾಯಿ ಅರೆದು ಹಾಕುವುದುಂಟು. ಸೀಕಿಗೆ ಚುಚ್ಚಿ ಸುಡುವ ಕಬಾಬಿಗೆ ಅದು ಸರಿ, ಆದರೆ ಕೈಮಾಕ್ಕೆ ಹಾಕಿ ಹೊತ್ತು ಬಿಟ್ಟರೆ ಮಾಂಸ ಗೊಜ್ಜಾಗಿ ಉಂಡೆ ಸಾರಿನಲ್ಲಿ ಕರಗಿಹೋಗುತ್ತದೆ.

ಉಪ್ಪು ಕೊನೆಗೆ. ಮಾಂಸಕ್ಕೆ ಉಪ್ಪು ಬಿದ್ದ ಮೇಲೆ ನಾದುತ್ತಾ ಹೋದರೆ ಅದರೊಳಗಿನ ಮಯೋಸಿನ್ ಅನ್ನುವ ಪ್ರೋಟೀನು ಹೊರಬಂದು ಅಂಟಾಗುತ್ತದೆ, ಬೆಂದಾಗ ಆ ಅಂಟು ಜಾಲದ ಹಾಗೆ ಬಿಗಿಯುತ್ತದೆ. ಕಾಶ್ಮೀರದ ವಾಜವಾನ್ ಊಟದ ಗೋಷ್ತಾಬಾ ನೋಡಿ: ನರ ಬಿಡಿಸಿದ ಮಾಂಸವನ್ನು ಕೊಬ್ಬಿನ ಜೊತೆ ಕಲ್ಲಿನ ಮೇಲೆ ಮರದ ಕೊಡತಿಯಿಂದ ನುಣ್ಣಗಾಗುವ ತನಕ ಬಡಿಯುತ್ತಾರೆ. ಅವರಿಗೆ ಆ ನಯ, ಆ ಪುಟಿತವೇ ಬೇಕು. ಅದು ಅವರ ಕಲೆ, ಬಹಳ ದೊಡ್ಡ ಕಲೆ. ನಮ್ಮ ಉಂಡೆ ಬೆರಳಿಗೆ ಒತ್ತಿದರೆ ಬಿರಿಯಬೇಕು, ಮುದ್ದೆಯ ಜೊತೆ ಸಲೀಸಾಗಿ ಒಳಗಿಳಿಯಬೇಕು. ಹಾಗಾಗಿ ಮಸಾಲೆ, ಪುಡಿ, ತೆಂಗು ಎಲ್ಲ ಬೆರೆಸಿಯಾದ ಮೇಲೆ ಉಪ್ಪು ಉದುರಿಸಿ, ಬೆರಳ ತುದಿಯಿಂದ ಸಡಿಲವಾಗಿ ತಿರುವಿ ಬಿಡಿ. ಮುದ್ದೆ ತಿರುವುವ ತೋಳಬಲ ಇಲ್ಲಿ ಬೇಡ. ಒಂದು ಚೂರನ್ನು ಕಾವಲಿಯ ಮೇಲೆ ಬೇಯಿಸಿ ಬಾಯಿಗಿಟ್ಟುಕೊಂಡು ನೋಡಿ, ಉಪ್ಪು ಖಾರ ತಿದ್ದಲು ಇದೇ ಸಮಯ. ಆಮೇಲೆ ಅಂಗೈಗೆ ಎಣ್ಣೆ ಸವರಿಕೊಂಡು ಸಣ್ಣ ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಮಾಡಿ. ಅದುಮಬೇಡಿ, ಮೇಲ್ಮೈ ಬಿರುಕಿಲ್ಲದೆ ಕೂಡಿಕೊಂಡರೆ ಸಾಕು. ಅರ್ಧ ಗಂಟೆ ಫ್ರಿಜ್ಜಿನಲ್ಲಿ ಕೂತರೆ ಕೊಬ್ಬು ಗಟ್ಟಿಯಾಗಿ ಆಕಾರ ತಾನೇ ನಿಲ್ಲುತ್ತದೆ.

ಸಾರು ಮಸಾಲೆ ಬೆಂದು ಹಸಿ ವಾಸನೆ ಹೋಗಿ ಕುದಿಯುತ್ತಿರುವಾಗ ಉಂಡೆಗಳನ್ನು ಒಂದೊಂದಾಗಿ, ಪಾತ್ರೆಯ ಅಂಚಿನಿಂದ ಜಾರಿಸಿ. ತಣ್ಣಗಿನ ಸಾರಿಗೆ ಬಿದ್ದರೆ ಮೇಲ್ಮೈ ಕೂಡಿಕೊಳ್ಳುವ ಮೊದಲೇ ನೆನೆದು ಉದುರುತ್ತವೆ. ಎಲ್ಲ ಬಿದ್ದ ಮೇಲೆ ಉರಿ ತಗ್ಗಿಸಿ, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟಿರಲಿ. ಹತ್ತು ನಿಮಿಷ ಸೌಟು ಮುಟ್ಟಬಾರದು. ತಳ ಹಿಡಿಯುವ ಭಯವಿದ್ದರೆ ಬಟ್ಟೆಯಲ್ಲಿ ಪಾತ್ರೆಯ ಎರಡೂ ಕಿವಿ ಹಿಡಿದು ಮೆಲ್ಲನೆ ಅಲುಗಾಡಿಸಿ. ಈ ಗಾತ್ರದ ಉಂಡೆಗೆ ಒಟ್ಟು 20ರಿಂದ 25 ನಿಮಿಷ ಹಿಡಿಯುತ್ತದೆ. ಕುಕ್ಕರಿನ ಸೀಟಿ ಬೇಡವೇ ಬೇಡ, ಆ ಒತ್ತಡದಲ್ಲಿ ಮಾಂಸದ ನೀರೆಲ್ಲ ಹಿಂಡಿಹೋಗುತ್ತದೆ. ಒಲೆ ಆರಿಸಿದ ಮೇಲೆ ಮುಚ್ಚಿ ಅರ್ಧ ಗಂಟೆ ಬಿಟ್ಟರೆ ಉಂಡೆ ಸಾರನ್ನು ಎಳೆದುಕೊಂಡು ಇನ್ನೂ ಹದವಾಗುತ್ತದೆ.

ಅಮೆರಿಕದಲ್ಲಿರುವ ಮಕ್ಕಳು ಕೇಳುವುದು ಬೇರೆ: ಇಲ್ಲಿ ಟರ್ಕಿ ಕೋಳಿಯ ಕೈಮಾ ಸಿಗುತ್ತದೆ, ಓವನ್ನಿನಲ್ಲಿ ಮೀಟ್‌ಲೋಫ್ ಮಾಡಿದರೆ ಮರದ ಪುಡಿ ತಿಂದಂತಾಗುತ್ತದೆ, ಏನು ಮಾಡಲಿ? ಡಬ್ಬಿಯ ಮೇಲೆ 99% ಕೊಬ್ಬಿಲ್ಲದ್ದು ಅಂತ ಬರೆದಿದ್ದರೆ ಅದು ಬರೀ ಎದೆಮಾಂಸ, ಅಲ್ಲೇ ಇಡಿ. 93% ಕೊಬ್ಬಿಲ್ಲದ್ದು ಅಂತ ಬರೆದಿರುವುದನ್ನು, ಅಥವಾ ಅದಕ್ಕಿಂತ ಕೊಬ್ಬು ಹೆಚ್ಚಿರುವುದನ್ನು ತನ್ನಿ. ಕೆಜಿಗೆ ನಾಲ್ಕು ಹೋಳು ಬ್ರೆಡ್ಡನ್ನು ಮುಕ್ಕಾಲು ಬಟ್ಟಲು ಹಾಲಿನಲ್ಲಿ ಕಿವುಚಿ ಬೆರೆಸಿ, ಬಾಡಿಸಿದ ಈರುಳ್ಳಿ ಧಾರಾಳವಾಗಿ ಹಾಕಿ. 175 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಗಡಿಯಾರದ ಬದಲು ಥರ್ಮಾಮೀಟರನ್ನು ನಂಬಿ. ಕೊಚ್ಚುವಾಗ ಮೇಲ್ಮೈಯ ರೋಗಾಣು ಒಳಗೆಲ್ಲ ಬೆರೆತಿರುತ್ತದೆ. ಹಾಗಾಗಿ ಕುರಿ, ದನ, ಹಂದಿಯ ಕೈಮಾ ನಡುವಿನಲ್ಲಿ 71 ಡಿಗ್ರಿ, ಕೋಳಿ ಜಾತಿಯದ್ದು 74 ಡಿಗ್ರಿ ಮುಟ್ಟಲೇಬೇಕು ಅನ್ನುವುದು ಆ ದೇಶದ ಕೃಷಿ ಇಲಾಖೆಯ ನಿಯಮ. ಮುಟ್ಟಿದ ಕೂಡಲೇ ಹೊರಗೆ ತೆಗೆಯಿರಿ, ಅದರಾಚೆಗಿನ ಒಂದೊಂದು ಡಿಗ್ರಿಯೂ ಒಣಗಿಸುವುದೇ. ಕೊಯ್ಯುವ ಮುಂಚೆ ಕಾಲು ಗಂಟೆ ಸುಮ್ಮನೆ ಬಿಡಿ, ರಸ ತಟ್ಟೆಗೆ ಹರಿಯದೆ ಒಳಗೇ ನಿಲ್ಲುತ್ತದೆ.

ಉಳಿದ ಉಂಡೆಗಳನ್ನು ಸಾರಿನಿಂದ ಬೇರೆ ಮಾಡದೆ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮಾರನೆಯ ದಿನ ಸಣ್ಣ ಉರಿಯಲ್ಲಿ ಮುಚ್ಚಿ ಬಿಸಿ ಮಾಡಿ, ಸಾರು ಗಟ್ಟಿಯಾಗಿದ್ದರೆ ಬಿಸಿನೀರು ಬೆರೆಸಿ. ಒಡೆದವು ಇದ್ದರೆ ಪೂರ್ತಿ ಪುಡಿ ಮಾಡಿ, ಒಗ್ಗರಣೆಗೆ ಈರುಳ್ಳಿ ಕರಿಬೇವು ಹಾಕಿ ಬಾಡಿಸಿ, ಬೆಳಿಗ್ಗೆಯ ದೋಸೆಗೆ ಪಲ್ಯ ಮಾಡಿಕೊಳ್ಳಿ.