ಹಾಲಿನ ಕೂಲರಿಗೆ ಹೊಸ ಅನಿಲ: ವಿದ್ಯುತ್ ಉಳಿಯುವುದೇ?

ಹಾಲು ಸಂಘದ ಬಲ್ಕ್ ಕೂಲರಿನಲ್ಲಿ ಅನಿಲ ಸೋರಿಹೋದಾಗ, "ಹಳೆಯ ಆರ್-22 ಬೇಡ, ಹೊಸದನ್ನು ತುಂಬಿಸೋಣ, ಕರೆಂಟೂ ಉಳಿಯುತ್ತದೆ" ಎಂದು ಮೆಕ್ಯಾನಿಕ್ ಹೇಳುವುದುಂಟು. ಇದರಲ್ಲಿ ಅರ್ಧ ಮಾತ್ರ ನಿಜ.

ಆರ್-22 ಓಜೋನ್ ಪದರಕ್ಕೆ ಹಾನಿಕರ. ಮಾಂಟ್ರಿಯಲ್ ಒಪ್ಪಂದದನ್ವಯ ಅದರ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸಲಾಗುತ್ತಿದೆ. ಬದಲಿಗೆ ಬಂದ ಆರ್-404ಎ ಓಜೋನಿಗೆ ನಿರಪಾಯಕಾರಿ. ಆದರೆ ಭೂಮಿಯ ಕಾವೇರಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 3,900 ಪಟ್ಟು ಪ್ರಬಲ. ಆರ್-22 ಸುಮಾರು 1,800 ಪಟ್ಟು. ಇಂಥ ಅನಿಲಗಳನ್ನೂ ತಗ್ಗಿಸಲು 2016ರಲ್ಲಿ ಕಿಗಾಲಿ ತಿದ್ದುಪಡಿಯಾಯಿತು. ಭಾರತ ಅದನ್ನು 2021ರಲ್ಲಿ ಅನುಮೋದಿಸಿತು. ಅಲ್ಲದೆ ಆರ್-22ಕ್ಕೆಂದು ಮಾಡಿದ ಯಂತ್ರಕ್ಕೆ ಆರ್-404ಎ ತುಂಬಿದರೆ ಎಣ್ಣೆಯನ್ನೂ ಬದಲಿಸಬೇಕು. ಬೇಸಿಗೆಯಲ್ಲಿ ವಿದ್ಯುತ್ ಉಳಿಯುವುದಿರಲಿ, ಹೆಚ್ಚೇ ಖರ್ಚಾಗುವ ಸಂಭವವಿದೆ.

ಆರ್-290 ಎಂದರೆ ಪ್ರೊಪೇನ್, ನಮ್ಮ ಅಡುಗೆ ಅನಿಲದಲ್ಲಿಯೂ ಇರುವ ವಸ್ತು. ಹವಾಮಾನಕ್ಕೆ ಅದರ ಬಾಧೆ ಅತ್ಯಲ್ಪ. ಅದಕ್ಕೆಂದೇ ತಯಾರಾದ ಯಂತ್ರದಲ್ಲಿ ವಿದ್ಯುತ್ ಬಳಕೆಯೂ ಆರ್-22ಕ್ಕೆ ಸರಿಸಮ ಅಥವಾ ತುಸು ಕಡಿಮೆ. ಆದರೆ ಇದು ಹೊತ್ತಿಕೊಳ್ಳುವ ಅನಿಲ. ಹಳೆಯ ಆರ್-22 ಯಂತ್ರಕ್ಕೆ ಇದನ್ನು ಎಂದಿಗೂ ತುಂಬಿಸಕೂಡದು. ಮುಚ್ಚಿದ ಕೋಣೆಯಲ್ಲಿ ಸೋರಿ ತುಂಬಿಕೊಂಡರೆ ಸ್ವಿಚ್ಚಿನ ಒಂದು ಕಿಡಿ ಸಾಕು.

ಇನ್ನು ಲೆಕ್ಕ ನೋಡೋಣ. 35 ಡಿಗ್ರಿಯಲ್ಲಿ ಬರುವ 1,000 ಲೀಟರ್ ಹಾಲನ್ನು 4 ಡಿಗ್ರಿಗೆ ಇಳಿಸಲು ಸುಮಾರು 35 ಯೂನಿಟ್ಟಿನಷ್ಟು ಶಾಖ ತೆಗೆಯಬೇಕು. ಒಂದು ಯೂನಿಟ್ ವಿದ್ಯುತ್ತಿಗೆ ಎರಡೂವರೆ ಯೂನಿಟ್ ಶಾಖ ಎಳೆಯುವ ಯಂತ್ರ ಇದಕ್ಕೆ 14 ಯೂನಿಟ್ ತೆಗೆದುಕೊಳ್ಳುತ್ತದೆ. ಎರಡೇ ಯೂನಿಟ್ ಎಳೆದರೆ ಹದಿನೇಳೂವರೆ! ಈ ವ್ಯತ್ಯಾಸ ಬಹುಮಟ್ಟಿಗೆ ಕಂಡೆನ್ಸರಿನಿಂದ ಬರುತ್ತದೆ. ಅಲ್ಲಿ ಅನಿಲ ತಣಿಯುವ ಉಷ್ಣತೆ ಒಂದು ಡಿಗ್ರಿ ಏರಿದರೆ ವಿದ್ಯುತ್ ಶೇಕಡ 2-3ರಷ್ಟು ಹೆಚ್ಚಾಗುತ್ತದೆ. ಧೂಳು ಹಿಡಿದು, ಗಾಳಿಯಾಡದೆ ಹತ್ತು ಡಿಗ್ರಿ ಏರಿದರೆ ಯಾವ ಹೊಸ ಅನಿಲವೂ ಆ ನಷ್ಟವನ್ನು ತುಂಬಿಕೊಡಲಾರದು. ಸಂಘಗಳಲ್ಲಿ ಪಶು ಆಹಾರದ ಮೂಟೆಗಳನ್ನು ಪೇರಿಸಲು ಕಂಡೆನ್ಸರಿನ ಮುಂದಿನ ಜಾಗವೇ ಅನುಕೂಲವೆನಿಸುವುದು ವಿಚಿತ್ರ. ಅವನ್ನು ಬೇರೆಡೆ ಇಡಿ, ರೆಕ್ಕೆಗಳನ್ನು ಮೃದುವಾದ ಬ್ರಷ್ಷಿನಿಂದ ತಿಂಗಳಿಗೊಮ್ಮೆಯಾದರೂ ಶುಚಿಮಾಡಿ.

ಕೊಳವೆಬಾವಿಯ ನೀರಿನಿಂದ, ಹಾಲಿಗೆ ನೀರು ಸೋಕದಂತೆ, ಮೊದಲೇ 29 ಡಿಗ್ರಿಗೆ ತಣಿಸಿದರೆ ಕೂಲರಿನ ಹೊರೆ ಸುಮಾರು ಐದರಲ್ಲಿ ಒಂದು ಪಾಲು ಇಳಿಯುತ್ತದೆ.

ಸೋರುವ ಜಾಗವನ್ನು ಬೆಸೆಯದೆ ಅನಿಲ ತುಂಬಿಸಲು ಒಪ್ಪಬೇಡಿ. ಯಂತ್ರ ಬದಲಾಯಿಸುವ ಮೊದಲೊಂದು ವಾರ, ಬದಲಾಯಿಸಿದ ಮೇಲೊಂದು ವಾರ, ಕೂಲರಿಗೇ ಪ್ರತ್ಯೇಕ ಮೀಟರ್ ಇಟ್ಟು ಯೂನಿಟ್ಟನ್ನೂ ತಣಿಸಿದ ಹಾಲಿನ ಲೀಟರನ್ನೂ ಬರೆದಿಡಿ. ಎರಡೂ ಒಂದೇ ಹಂಗಾಮಿನವಾಗಿರಲಿ.