ಕಿಟಕಿಯಂಚಿನ ಬೆಕ್ಕು

ಕನ್ನಡದಲ್ಲಿ ‘ಬೆಕ್ಕಿನ ಬಿಡಾರ ಬೇರೆ’ ಎಂಬ ಮಾತುಂಟು. ಹೆಂಚಿನ ಮನೆಗಳ ಕಾಲದಲ್ಲಿ ಅದು ಬರಿಯ ಗಾದೆಯಾಗಿರದೆ ನಿತ್ಯ ಕಾಣುವ ಸಂಗತಿಯೂ ಆಗಿತ್ತು. ಮನೆಯವರು ಬೆಕ್ಕನ್ನು ತಮ್ಮದೆಂದು ಹೇಳಿಕೊಳ್ಳುತ್ತಿದ್ದರೂ ಬೆಕ್ಕು ತನ್ನ ರಾಜ್ಯವನ್ನು ಆ ಮನೆಯ ಗೋಡೆಗಳೊಳಗೆ ಮುಗಿಸಿಕೊಂಡಿರಲಿಲ್ಲ. ಹಗಲು ಅಟ್ಟದ ಮೇಲಿನ ಹಳೆಯ ಗೋಣಿಚೀಲ, ಸಂಜೆ ಒಲೆಯ ಬಳಿಯ ಬೆಚ್ಚನೆಯ ಬೂದಿ, ರಾತ್ರಿ ಹಿತ್ತಿಲು, ಹುಲ್ಲಿನ ಬಣವೆ, ನೆರೆಮನೆಯ ಮಾಡು, ಹೀಗೆ ಅದರ ಸಂಚಾರ ನಡೆಯುತ್ತಿತ್ತು. ಊಟದ ಹೊತ್ತಿಗೆ ತಪ್ಪದೆ ಬಂದು ಎಲೆಯ ಪಕ್ಕದಲ್ಲಿ ಕುಳಿತುಕೊಳ್ಳುವುದೊಂದನ್ನು ಬಿಟ್ಟರೆ ಮನೆಯವರಿಗೂ ಅದಕ್ಕೂ ಬೇರೆ ಕರಾರಿರಲಿಲ್ಲ. ಮಾಡಿನ ಅಂಚಿನಿಂದ ಎಂದಾದರೂ ಜಾರಿದರೆ ಕೆಳಗೆ ಮಣ್ಣಿನ ಅಂಗಳವಿತ್ತು. ಎದ್ದು ಮೈ ಕೊಡವಿ, ಯಾರಾದರೂ ಕಂಡರೇನೋ ಎಂಬಂತೆ ಅತ್ತಿತ್ತ ನೋಡಿ, ತನ್ನ ದಾರಿ ಹಿಡಿಯುತ್ತಿತ್ತು.

ಇಂದು ಬೆಂಗಳೂರಿನಂತಹ ನಗರಗಳಲ್ಲಿ ಎಷ್ಟೋ ಬೆಕ್ಕುಗಳು ಹುಟ್ಟಿದಂದಿನಿಂದ ಮಣ್ಣನ್ನು ಮೆಟ್ಟದೆಯೇ ಬಾಳುತ್ತವೆ. ಅವು ಇರುವುದು ಐದನೆಯ, ಹತ್ತನೆಯ ಮಹಡಿಗಳಲ್ಲಿ. ರಸ್ತೆಯ ವಾಹನಗಳಿಂದಲೂ ಬೀದಿನಾಯಿಗಳಿಂದಲೂ ಕಾಪಾಡಬೇಕೆಂದು ಸಾಕಿದವರು ಅವುಗಳನ್ನು ಹೊರಕ್ಕೆ ಬಿಡುವುದಿಲ್ಲ. ಇದು ವಿವೇಕದ ನಡತೆಯೇ ಸರಿ. ಆದರೆ ಬೆಕ್ಕಿನ ಬೇರೆ ಬಿಡಾರ ಇದರಿಂದ ಇಲ್ಲವಾಯಿತು. ಹಿತ್ತಿಲು, ಮಾಡು, ಮರ ಎಲ್ಲವೂ ಹೋಗಿ ಹೊರಜಗತ್ತೆಂಬುದು ಅದರ ಪಾಲಿಗೆ ಒಂದು ಕಿಟಕಿಯಷ್ಟೇ ಆಗಿ ಉಳಿಯಿತು. ಬೆಳಗಿನ ಎಳೆಬಿಸಿಲು ಅಲ್ಲಿಗೆ ಬರುತ್ತದೆ. ಗಾಳಿ ಹತ್ತಾರು ಅಡಿಗೆಮನೆಗಳ ವಾಸನೆಯನ್ನು ಅಲ್ಲಿಗೆ ತರುತ್ತದೆ. ಎದುರಿನ ಕೊಳವೆಯ ಮೇಲೆ ಪಾರಿವಾಳಗಳು ಬಂದು ಕೂಡುತ್ತವೆ. ದಿನದ ಬಹುಭಾಗವನ್ನು ಬೆಕ್ಕು ಆ ಅಂಚಿನಲ್ಲಿ ಕಳೆಯುವುದರಲ್ಲಿ ಆಶ್ಚರ್ಯವೇನಿದೆ?

ಮನೆಗೆ ಬಂದ ನೆಂಟರೊಬ್ಬರು ಇದನ್ನು ಕಂಡು, “ಬೆಕ್ಕು ಬಿದ್ದೀತಲ್ಲವೆ?” ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: “ಬೆಕ್ಕು ಎಲ್ಲಿಂದ ಬಿದ್ದರೂ ಕಾಲಿನ ಮೇಲೆಯೇ ನಿಲ್ಲುತ್ತದೆ, ಬಿಡಿ.” ಇಂತಹ ನಂಬಿಕೆ ಎಲ್ಲ ದೇಶಗಳಲ್ಲಿಯೂ ಇರುವಂತೆ ತೋರುತ್ತದೆ. ಇಂಗ್ಲಿಷರು ಬೆಕ್ಕಿಗೆ ಒಂಬತ್ತು ಜೀವಗಳೆನ್ನುತ್ತಾರೆ. ಸ್ಪೇನಿನವರು ಏಳಕ್ಕೇ ನಿಲ್ಲಿಸಿದ್ದಾರೆ. ಜೀವಗಳ ಲೆಕ್ಕ ಎಷ್ಟು ಅಂದಾಜಿನದೆಂಬುದು ಇಷ್ಟರಿಂದಲೇ ತಿಳಿಯುತ್ತದೆ. ಆದರೆ ಕಾಲಿನ ಮೇಲೆ ನಿಲ್ಲುವ ಮಾತು ಹಾಗಲ್ಲ. ಅದು ಬಹುಮಟ್ಟಿಗೆ ನಿಜ. ನಿಜವಾಗಿರುವುದರಿಂದಲೇ ಅದು ಇಷ್ಟು ಅಪಾಯಕಾರಿಯೂ ಆಗಿದೆ.

ಬೆಕ್ಕಿನ ಈ ಚಮತ್ಕಾರ ದೊಡ್ಡ ವಿಜ್ಞಾನಿಗಳ ಕುತೂಹಲವನ್ನೂ ಕೆರಳಿಸಿತ್ತು. ವಿದ್ಯುತ್ತು ಮತ್ತು ಕಾಂತತ್ವಗಳ ಸಂಬಂಧವನ್ನು ಸಮೀಕರಣಗಳಲ್ಲಿ ಹಿಡಿದಿಟ್ಟ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿದ್ದಾಗ ಬೆಕ್ಕುಗಳನ್ನು ಕಿಟಕಿಯಿಂದ ಎಸೆಯುತ್ತಿದ್ದನೆಂಬ ಕಥೆಯೊಂದು ಅಲ್ಲಿ ಹಬ್ಬಿತ್ತು. 1870ರಲ್ಲಿ ಮತ್ತೆ ಆ ಕಾಲೇಜಿಗೆ ಹೋದಾಗ ಅದು ಅವನ ಕಿವಿಗೇ ಬಿದ್ದಿತು. ತಾನು ಹಾಗೆ ಮಾಡಿದವನಲ್ಲವೆಂದು ಅವನು ವಿವರಿಸಬೇಕಾಯಿತೆಂದು ಹೆಂಡತಿಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ಬೆಕ್ಕು ಎಷ್ಟು ಬೇಗ ಮಗುಚಿಕೊಳ್ಳಬಲ್ಲದೆಂದು ತಿಳಿಯುವುದಷ್ಟೇ ಅವನ ಉದ್ದೇಶವಾಗಿತ್ತು. ಅದಕ್ಕಾಗಿ ಮೇಜಿನ ಮೇಲೋ ಹಾಸಿಗೆಯ ಮೇಲೋ ಕೇವಲ ಎರಡು ಅಂಗುಲ ಎತ್ತರದಿಂದ ಬೆಕ್ಕನ್ನು ಬಿಟ್ಟರೆ ಸಾಕಾಗಿತ್ತು. ಅಷ್ಟರಿಂದಲೂ ಅದು ಕಾಲೂರಿಯೇ ನಿಲ್ಲುತ್ತಿತ್ತಂತೆ. ಮುಂದೆ 1894ರಲ್ಲಿ ಫ್ರಾನ್ಸಿನ ಏತಿಯನ್-ಜೂಲ್ ಮಾರೇ ಎಂಬ ವಿಜ್ಞಾನಿ ಬೀಳುತ್ತಿರುವ ಬೆಕ್ಕಿನ ಚಿತ್ರಗಳನ್ನು ಒಂದರ ಹಿಂದೊಂದರಂತೆ ಕ್ಷಿಪ್ರವಾಗಿ ತೆಗೆದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟನು. ಬೆಕ್ಕು ಯಾವ ಆಧಾರವೂ ಇಲ್ಲದೆ ಗಾಳಿಯಲ್ಲಿಯೇ ತಿರುಗಿಕೊಳ್ಳುವುದು ಆ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

ಅದು ನಡೆಯುವ ಬಗೆ ಹೀಗೆ. ಒಳಗಿವಿಯಲ್ಲಿರುವ ಸಮತೋಲದ ಅಂಗ ಮೇಲು ಕೆಳಗುಗಳ ವ್ಯತ್ಯಾಸವನ್ನು ಕ್ಷಣಾರ್ಧದಲ್ಲಿ ತಿಳಿಸುತ್ತದೆ. ಬೆಕ್ಕು ನಡುವನ್ನು ಬಗ್ಗಿಸಿ, ಮುಂಗಾಲುಗಳನ್ನು ಎದೆಗೆ ಒತ್ತಿಕೊಂಡು, ಹಿಂಗಾಲುಗಳನ್ನು ಚಾಚುತ್ತದೆ. ಆಗ ಮೈಯ ಮುಂಭಾಗ ಸಲೀಸಾಗಿ ಹೆಚ್ಚು ತಿರುಗುತ್ತದೆ. ಹಿಂಭಾಗ ವಿರುದ್ಧ ದಿಕ್ಕಿಗೆ ಸ್ವಲ್ಪ ಮಾತ್ರ ತಿರುಗುತ್ತದೆ. ಅನಂತರ ಮುಂಗಾಲುಗಳನ್ನು ಚಾಚಿ, ಹಿಂಗಾಲುಗಳನ್ನು ಮಡಿಸಿ, ಹಿಂಭಾಗವನ್ನೂ ತಿರುಗಿಸಿಕೊಳ್ಳುತ್ತದೆ. ಬಳುಕುವ ಬೆನ್ನೆಲುಬು ಇದಕ್ಕೆ ನೆರವಾಗುತ್ತದೆ. ಮರಿಗಳಲ್ಲಿ ಈ ಶಕ್ತಿ ಮೂರು ನಾಲ್ಕು ವಾರಗಳ ವಯಸ್ಸಿನಲ್ಲಿ ತಲೆದೋರಿ ಏಳನೆಯ ವಾರದ ಹೊತ್ತಿಗೆ ಪೂರ್ತಿಯಾಗಿ ಕೈಗೂಡುತ್ತದೆ.

ಹೀಗೆ ಬೆಕ್ಕು ಕಾಲುಗಳನ್ನು ಕೆಳಗೆ ಮಾಡಿಕೊಂಡು ಬೀಳುತ್ತದೆ, ನಿಜ. ಆದರೆ ಎಷ್ಟು ವೇಗದಿಂದ? ಒಂಬತ್ತನೆಯ ತರಗತಿಯ ವಿಜ್ಞಾನವನ್ನು ಓದಿದವರು ಇದನ್ನು ತಾವೇ ಲೆಕ್ಕ ಹಾಕಬಹುದು. ಎರಡು ಮೀಟರ್ ಎತ್ತರದ ಕಾಂಪೌಂಡ್ ಗೋಡೆಯಿಂದ ಬಿದ್ದ ಬೆಕ್ಕು ಗಂಟೆಗೆ ಸುಮಾರು 22 ಕಿಲೋಮೀಟರ್ ವೇಗದಲ್ಲಿ ನೆಲವನ್ನು ಮುಟ್ಟುತ್ತದೆ. ಐದನೆಯ ಮಹಡಿಯ ಕಿಟಕಿ ನೆಲದಿಂದ 15 ಮೀಟರ್ ಮೇಲಿದೆಯೆಂದುಕೊಳ್ಳೋಣ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಮಾಡಿದರೆ ಅಲ್ಲಿಂದ ಬಿದ್ದ ಬೆಕ್ಕಿನ ವೇಗ ಗಂಟೆಗೆ ಸುಮಾರು 60 ಕಿಲೋಮೀಟರ್. ವೇಗ ಮೂರು ಪಟ್ಟಿಗೆ ಹತ್ತಿರವಾದರೆ ಆಘಾತದ ಶಕ್ತಿ ಏಳೂವರೆ ಪಟ್ಟಾಗುತ್ತದೆ. ಗೋಡೆಯಿಂದ ಜಿಗಿಯಲು ಪ್ರಕೃತಿ ಕೊಟ್ಟ ಅದೇ ನಾಲ್ಕು ಕಾಲುಗಳು ಇದನ್ನೂ ತಾಳಿಕೊಳ್ಳಬೇಕು. ಅವು ಬಾಗುತ್ತವೆ, ಬಾಗಿ ಮುಗಿದ ಮೇಲೂ ವೇಗ ಉಳಿದಿರುತ್ತದೆ, ಎದೆ ನೆಲಕ್ಕೆ ಅಪ್ಪಳಿಸುತ್ತದೆ, ಗಲ್ಲ ಕಾಂಕ್ರೀಟಿಗೆ ಬಡಿಯುತ್ತದೆ.

ನ್ಯೂಯಾರ್ಕಿನ ಒಂದು ಪ್ರಾಣಿಚಿಕಿತ್ಸಾಲಯಕ್ಕೆ 1984ರಲ್ಲಿ ಐದೇ ತಿಂಗಳುಗಳಲ್ಲಿ ಹೀಗೆ ಬಿದ್ದ 132 ಬೆಕ್ಕುಗಳು ಬಂದವು. ವಿಟ್ನಿ ಮತ್ತು ಮೆಹ್ಲಾಫ್ ಎಂಬ ಪಶುವೈದ್ಯರು ಅವುಗಳ ವಿವರಗಳನ್ನು 1987ರಲ್ಲಿ ಪ್ರಕಟಿಸಿದರು. ನೂರಕ್ಕೆ 90 ಬೆಕ್ಕುಗಳಿಗೆ ಎದೆಯ ಭಾಗದಲ್ಲಿ ಪೆಟ್ಟಾಗಿತ್ತು. 39ಕ್ಕೆ ಕಾಲಿನ ಮೂಳೆ ಮುರಿದಿತ್ತು. 17ಕ್ಕೆ ಬಾಯೊಳಗಿನ ಅಂಗುಳು ಸೀಳಿತ್ತು. ನೂರಕ್ಕೆ 37ಕ್ಕೆ ಪ್ರಾಣ ಉಳಿಸುವ ತುರ್ತು ಚಿಕಿತ್ಸೆಯೇ ಬೇಕಾಯಿತು. ಆದರೂ ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ 90 ಬದುಕಿದವು. ಜನರ ನೆನಪಿನಲ್ಲಿ ನಿಂತದ್ದು ಈ ಕೊನೆಯ ಅಂಕಿಯೊಂದೇ. ಅದಕ್ಕಿಂತಲೂ ಹೆಚ್ಚಾಗಿ ಹಬ್ಬಿದ್ದು ಮತ್ತೊಂದು ಸಂಗತಿ: ಏಳನೆಯ ಅಂತಸ್ತಿನವರೆಗೆ ಹೆಚ್ಚುತ್ತಾ ಹೋದ ಪೆಟ್ಟುಗಳು ಅದಕ್ಕೂ ಮೇಲಿನಿಂದ ಬಿದ್ದ ಬೆಕ್ಕುಗಳಲ್ಲಿ ಕಡಮೆಯಾಗಿದ್ದವು. ಗಾಳಿಯ ತಡೆಯಿಂದ ವೇಗ ಒಂದು ಮಿತಿಗೆ ಬಂದು ನಿಂತ ಮೇಲೆ ಬೆಕ್ಕು ಮೈಯನ್ನು ಸಡಿಲಿಸಿ ಕಾಲುಗಳನ್ನು ಅಗಲಕ್ಕೆ ಹರಡಿಕೊಳ್ಳುತ್ತದೆಂದು ಆ ವೈದ್ಯರು ಊಹಿಸಿದರು. ಎತ್ತರ ಹೆಚ್ಚಿದಷ್ಟೂ ಬೆಕ್ಕಿಗೆ ಕ್ಷೇಮವೆಂಬ ವಿಚಿತ್ರ ಮಾತು ಹುಟ್ಟಿಕೊಂಡದ್ದು ಹೀಗೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಚಿಕಿತ್ಸಾಲಯದ ಪುಸ್ತಕದಲ್ಲಿ ಯಾವ ಬೆಕ್ಕುಗಳ ಹೆಸರು ಬರೆಯಲ್ಪಡುತ್ತದೆ? ಅಲ್ಲಿಗೆ ತಂದವುಗಳದು ಮಾತ್ರ. ಇಪ್ಪತ್ತನೆಯ ಅಂತಸ್ತಿನಿಂದ ಬಿದ್ದು ಕಾಲುದಾರಿಯ ಮೇಲೆಯೇ ಸತ್ತ ಬೆಕ್ಕನ್ನು ವೈದ್ಯರ ಬಳಿಗೆ ಯಾರು ಒಯ್ಯುತ್ತಾರೆ? ಅದನ್ನು ಮನೆಯವರು ಕಣ್ಣೀರಿಟ್ಟು ಮಣ್ಣು ಮಾಡುತ್ತಾರೆ. ಅದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಸುಗ್ಗಿಯ ಮೇಲೆ ಕಣದಲ್ಲಿ ಉಳಿದ ಕಾಳನ್ನು ಮಾತ್ರ ಎಣಿಸಿ, ಹಕ್ಕಿ ತಿಂದುದನ್ನು ಮರೆತು, ಬೆಳೆಯೆಲ್ಲ ಮನೆ ಸೇರಿತೆಂದು ಹೇಳಿದಂತಾಯಿತು ಇದು. ಕ್ರೊಯೇಷಿಯಾದ ಜಾಗ್ರೆಬ್ ನಗರದಲ್ಲಿ ಹೀಗೆ ಬಿದ್ದ 119 ಬೆಕ್ಕುಗಳನ್ನು ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಏಳನೆಯ ಅಂತಸ್ತು ಮತ್ತು ಅದಕ್ಕೂ ಮೇಲಿನಿಂದ ಬಿದ್ದವುಗಳಿಗೇ ಹೆಚ್ಚು ತೀವ್ರವಾದ ಪೆಟ್ಟುಗಳಾಗಿದ್ದುದು ಕಂಡುಬಂದಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೆಕ್ಕುಗಳಿಗೆ ಒಂದು ವರ್ಷವೂ ತುಂಬಿರಲಿಲ್ಲ. ಕಿಟಕಿಗಳು ತೆರೆದಿರುವ ಬೆಚ್ಚನೆಯ ತಿಂಗಳುಗಳಲ್ಲಿಯೇ ಇಂತಹ ಅಪಘಾತಗಳು ಹೆಚ್ಚಾಗಿದ್ದವು. ಬೆಂಗಳೂರಿನ ಹವೆಯಲ್ಲಿ ಕಿಟಕಿ ವರ್ಷವಿಡೀ ತೆರೆದಿರುತ್ತದೆಂಬುದನ್ನು ನೆನೆಯಬೇಕು.

ಮರದ ತುದಿಯವರೆಗೆ ಏರಬಲ್ಲ ಪ್ರಾಣಿ ಕಿಟಕಿಯಿಂದ ಏಕೆ ಬೀಳಬೇಕು? ಮರದ ತೊಗಟೆಯಲ್ಲಿ ಉಗುರು ಊರುತ್ತದೆ. ಕಾಲು ಜಾರಿದರೂ ಹಿಡಿತ ತಪ್ಪುವುದಿಲ್ಲ. ಕಿಟಕಿಯಲ್ಲಿ ಇರುವುದು ಅಲ್ಯೂಮಿನಿಯಂ ಚೌಕಟ್ಟು, ನುಣುಪು ಕಲ್ಲು, ಗಾಜು. ಉಗುರಿಗೆ ಅಲ್ಲಿ ಕೆಲಸವೇ ಇಲ್ಲ. ಅದರ ಮೇಲೆ ಬೇಟೆಯ ಹುಚ್ಚು ಬೇರೆ. ಪಾರಿವಾಳವೊಂದು ಪಕ್ಕದಲ್ಲಿ ರೆಕ್ಕೆ ಬಡಿದರೆ ಬೆಕ್ಕಿನ ಜಗತ್ತು ಆ ರೆಕ್ಕೆಯಷ್ಟಕ್ಕೆ ಕುಗ್ಗುತ್ತದೆ; ನಡುವೆ ಇರುವ ಶೂನ್ಯ ಅದಕ್ಕೆ ಕಾಣುವುದಿಲ್ಲ. ಬಿಸಿಲಿಗೆ ಮಲಗಿದ ಬೆಕ್ಕು ನಿದ್ದೆಯಲ್ಲಿ ಹೊರಳಿ ಬೀಳುವುದುಂಟು. ದೀಪಾವಳಿಯ ಪಟಾಕಿಗೆ ಬೆಚ್ಚಿ ಹಾರುವುದೂ ಉಂಟು. ಹತ್ತು ತಿಂಗಳು ಬೀಳದೆ ಕುಳಿತಿತ್ತೆಂಬುದು ಹನ್ನೊಂದನೆಯ ತಿಂಗಳಿಗೆ ಜಾಮೀನಲ್ಲ.

ಬಿದ್ದ ಬೆಕ್ಕು ಎದ್ದು ನಡೆದರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ಎದೆಯೊಳಗೆ ಶ್ವಾಸಕೋಶಕ್ಕೆ ಆದ ಪೆಟ್ಟು ಹೊರಕ್ಕೆ ಕಾಣುವುದಿಲ್ಲ. ಕೆಲವು ಗಂಟೆಗಳ ಮೇಲೆ ಉಸಿರಾಟ ಕೆಡಬಹುದು. ನೋವಾದ ಬೆಕ್ಕು ಬಳಿಗೆ ಬರುವ ಬದಲು ಅವಿತುಕೊಳ್ಳುತ್ತದೆ. ಆದುದರಿಂದ ಕಿಟಕಿಯ ನೇರ ಕೆಳಗಿನ ಪೊದೆಗಳಲ್ಲಿಯೂ ನಿಂತ ವಾಹನಗಳ ಅಡಿಯಲ್ಲಿಯೂ ಮೊದಲು ಹುಡುಕಬೇಕು. ಸಿಕ್ಕಿದಾಗ ಕತ್ತಿನ ಹಿಂದಿನ ತೊಗಲು ಹಿಡಿದು ಎತ್ತದೆ, ಮೈ ಅಲುಗದಂತೆ ಹಲಗೆಯ ಮೇಲೋ ದಪ್ಪ ಬಟ್ಟೆ ಹಾಸಿದ ರಟ್ಟಿನ ಪೆಟ್ಟಿಗೆಯಲ್ಲೋ ಇರಿಸಿ ಪಶುವೈದ್ಯರ ಬಳಿಗೆ ತಡಮಾಡದೆ ಒಯ್ಯಬೇಕು. ಬಾಯಿಗೆ ಹಾಲು ನೀರು ಹೊಯ್ಯಬಾರದು. ಮನುಷ್ಯರ ನೋವಿನ ಮಾತ್ರೆಯನ್ನಂತೂ ಕೊಡಲೇಬಾರದು. ಮನೆಮನೆಯಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.

ಹಾಗಾದರೆ ಕಿಟಕಿಯನ್ನು ಮುಚ್ಚಿಬಿಡುವುದೆ? ಉಳಿದಿರುವ ಒಂದೇ ಬಿಡಾರವನ್ನೂ ಕಿತ್ತುಕೊಂಡಂತೆ ಆಗುತ್ತದೆ ಅದು. ಮನೆಯವರಿಗೂ ಗಾಳಿ ಬೇಕು. ಹಳೆಯ ಮನೆಗಳ ಕಿಟಕಿಗೆ ಕಬ್ಬಿಣದ ಸರಳುಗಳಿದ್ದವು. ಅವನ್ನು ಹಾಕಿಸಿದ್ದು ಕಳ್ಳನ ಭಯದಿಂದ. ಎತ್ತರದ ಮಹಡಿಗೆ ಕಳ್ಳ ಏರಿ ಬರಲಾರನೆಂದು ಅನೇಕರು ಸರಳುಗಳನ್ನು ಬಿಟ್ಟುಬಿಟ್ಟರು. ಒಳಕ್ಕೆ ಬರುವವರ ಚಿಂತೆ ಮಾಡಿದ ಮನುಷ್ಯ ಹೊರಕ್ಕೆ ಬೀಳುವವರ ಚಿಂತೆ ಮಾಡಲಿಲ್ಲ. ಇರುವ ಸರಳುಗಳೂ ಬೆಕ್ಕನ್ನು ತಡೆಯಲಾರವು. ಬೆಕ್ಕಿನ ಕೊರಳೆಲುಬು ಭುಜದ ಮೂಳೆಗಳಿಗೆ ಬಿಗಿಯಾಗಿ ಕೂಡಿಕೊಂಡಿಲ್ಲ. ತಲೆ ತೂರಿದಲ್ಲಿ ಸಾಮಾನ್ಯವಾಗಿ ಮೈಯೂ ತೂರುತ್ತದೆ. ಸೊಳ್ಳೆಗಾಗಿ ಹಾಕಿದ ತೆಳುವಾದ ಪರದೆಯನ್ನು ನಂಬುವುದೂ ತಪ್ಪು. ಅದು ಉಗುರಿಗೆ ಹರಿಯುತ್ತದೆ. ಜಾರುವ ಚೌಕಟ್ಟಿನದಾದರೆ ಜಾಣ ಬೆಕ್ಕು ಪಂಜದಿಂದ ಅದನ್ನು ಪಕ್ಕಕ್ಕೆ ಸರಿಸಲೂ ಕಲಿಯುತ್ತದೆ. ಜರ್ಮನಿಯಂತಹ ದೇಶಗಳಲ್ಲಿ ಮೇಲ್ತುದಿ ಮಾತ್ರ ಒಳಕ್ಕೆ ವಾಲುವ ಕಿಟಕಿಗಳುಂಟು. ಅಲ್ಲಿ ಬೆಕ್ಕು ಹೊರಬೀಳುವ ಬದಲು ಆ ಸಂದಿಯಲ್ಲಿ ಸಿಕ್ಕಿಕೊಂಡು ಕೆಳಕೆಳಕ್ಕೆ ಜಾರಿ ನಲುಗುತ್ತದೆ. ಆದುದರಿಂದ ಅಲ್ಲಿನವರು ಸಂದಿಗೆ ಪಕ್ಕದ ಜಾಲರಿಗಳನ್ನು ಕೂರಿಸುತ್ತಾರೆ.

ಬೇಕಾದುದು ಚೌಕಟ್ಟಿಗೆ ತಿರುಪುಮೊಳೆಗಳಿಂದ ಬಿಗಿದ ಗಟ್ಟಿ ತಂತಿಯ ಜಾಲರಿ. ಅದರ ಕಣ್ಣುಗಳು ಮರಿಯ ತಲೆಯೂ ತೂರದಷ್ಟು ಚಿಕ್ಕವಾಗಿರಬೇಕು. ಪಾರಿವಾಳಗಳನ್ನು ತಡೆಯಲೆಂದು ಬಾಲ್ಕನಿಗೆ ಕಟ್ಟಿಸುವ ನೈಲಾನ್ ಬಲೆಯೂ ಆದೀತು. ಆದರೆ ಬಿಸಿಲಿಗೆ ಅದರ ದಾರ ಜೀರ್ಣವಾಗುತ್ತದೆ, ಬೆಕ್ಕು ಅದನ್ನು ಕಚ್ಚಿ ತುಂಡರಿಸುವುದೂ ಉಂಟು, ಗೋಡೆಯ ಕೊಕ್ಕೆಗಳು ಸಡಿಲವಾಗುತ್ತವೆ. ಕೈಯಿಂದ ಬಲವಾಗಿ ಎಳೆದು ಆಗಾಗ ಪರೀಕ್ಷಿಸುತ್ತಿರಬೇಕು. ಬಾಡಿಗೆಯ ಮನೆಯಲ್ಲಿ ಗೋಡೆ ಕೊರೆಯಲು ಮಾಲೀಕರು ಒಪ್ಪದಿದ್ದರೆ, ಕಿಟಕಿ ನಾಲ್ಕು ಬೆರಳಿಗಿಂತ ಕಡಮೆ ತೆರೆಯುವಂತೆ ಜಾರುಪಟ್ಟಿಯಲ್ಲಿ ತಡೆಯೊಂದನ್ನು ಸಿಕ್ಕಿಸಬಹುದು. ಮರಿಯಿರುವ ಮನೆಯಲ್ಲಿ ಅದಕ್ಕಿಂತಲೂ ಕಡಮೆ. ಮನೆಗೆ ಬಂದವರು ಸೆಕೆಯೆಂದು ಇನ್ನೊಂದು ಕೋಣೆಯ ಕಿಟಕಿಯನ್ನು ತೆರೆದುಬಿಡುವುದು ಸಾಮಾನ್ಯ. ಅವರಿಗೆ ಹೇಳುವ ಕೆಲಸವನ್ನು ಮನೆಯ ಮಕ್ಕಳು ವಹಿಸಿಕೊಂಡರೆ ಒಳ್ಳೆಯದು; ದೊಡ್ಡವರು ಸಂಕೋಚಪಡುತ್ತಾರೆ.

ಜಾಲರಿ ಬಿಗಿದಾದ ಮೇಲೆ ಅದರ ಒಳಬದಿಗೆ ಒಂದು ಅಗಲವಾದ ಹಲಗೆಯನ್ನು ಹಾಕಿ ಹಳೆಯ ಚಾಪೆಯ ತುಂಡನ್ನು ಹಾಸಿದರೆ ಬೆಕ್ಕು ತನ್ನ ಸ್ಥಳಕ್ಕೆ ಮರಳುತ್ತದೆ. ಮೊದಲ ಒಂದೆರಡು ದಿನ ತಂತಿಯನ್ನು ಮೂಸಿ, ಕೆರೆದು, ಹಲ್ಲಿಗೆ ಕೊಟ್ಟು ನೋಡುತ್ತದೆ. ಪಾರಿವಾಳಗಳು ಇನ್ನೂ ಬೇಗ ಕಲಿಯುತ್ತವೆ. ಜಾಲರಿಯ ಹೊರಗೆ ಗೇಣಿನಷ್ಟು ದೂರದಲ್ಲಿ ಕುಳಿತು ಗರಿ ತಿದ್ದಿಕೊಳ್ಳತೊಡಗುತ್ತವೆ. ಒಳಗೆ ಬೆಕ್ಕು ಬಾಲವನ್ನು ಮೆಲ್ಲನೆ ಆಡಿಸುತ್ತಾ, ಗಲ್ಲ ನಡುಗಿಸಿ ಕಟಕಟನೆ ಸದ್ದು ಮಾಡುತ್ತಾ, ಬಿಸಿಲು ಹಲಗೆಯಿಂದ ಸರಿಯುವವರೆಗೂ ಅವುಗಳನ್ನೇ ನೋಡುತ್ತಿರುತ್ತದೆ.